ಸುಟ್ಟರೆ ಅನುಪಾತ ಸಿಗುತ್ತದೆ, ಎಣಿಕೆ ಸಿಗುವುದಿಲ್ಲ

ಪ್ರಶ್ನೆ: ಗ್ಲೂಕೋಸ್‌ನ ಅಣುಸೂತ್ರ ಸಿ₆ಎಚ್₁₂ಓ₆. ಅದರ ಎಂಪಿರಿಕಲ್ ಸೂತ್ರ ಸಿಎಚ್₂ಓ ಎಂದು ಪುಸ್ತಕದಲ್ಲಿದೆ. ಆದರೆ ಸಿಎಚ್₂ಓ ಅಂದರೆ ಫಾರ್ಮಾಲ್ಡಿಹೈಡ್ ಅಲ್ವಾ? ಪೂರ್ತಿ ಸೂತ್ರ ಗೊತ್ತಿರುವಾಗ ಈ ಅರ್ಧಂಬರ್ಧ ಸೂತ್ರ ಯಾಕೆ ಬೇಕು? ಉಪ್ಪಿಗೆ ಅಣುಸೂತ್ರವೇ ಇಲ್ಲ ಅಂತಲೂ ಹೇಳುತ್ತಾರೆ. ಅದೂ ಅರ್ಥವಾಗಲಿಲ್ಲ.

ಉತ್ತರ: ಹೌದು, ಫಾರ್ಮಾಲ್ಡಿಹೈಡ್ ಕೂಡ ಸಿಎಚ್₂ಓ. ಆದರೆ ಒಂದೇ ಬರಹ ಎರಡು ಕಡೆ ಎರಡು ಬೇರೆ ಮಾತು ಹೇಳುತ್ತಿದೆ. ಫಾರ್ಮಾಲ್ಡಿಹೈಡ್‌ನ ಅಣುಸೂತ್ರವಾಗಿ ಬಂದಾಗ ಅದರ ಅರ್ಥ, ಒಂದು ಅಣುವಿನಲ್ಲಿ ಇರುವುದೇ ಇಷ್ಟು: ಒಂದು ಕಾರ್ಬನ್, ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಗ್ಲೂಕೋಸ್‌ನ ಎಂಪಿರಿಕಲ್ ಸೂತ್ರವಾಗಿ ಬಂದಾಗ, ಕಾರ್ಬನ್ ಒಂದಿದ್ದರೆ ಹೈಡ್ರೋಜನ್ ಎರಡು, ಆಕ್ಸಿಜನ್ ಒಂದು ಎಂಬ ಲೆಕ್ಕದಲ್ಲಿವೆ ಎಂದಷ್ಟೇ. ಒಂದು ಅಣುವಿನಲ್ಲಿ ಒಟ್ಟು ಎಷ್ಟಿವೆ ಎಂಬ ವಿಷಯಕ್ಕೆ ಅದು ಬಾಯಿ ಹಾಕುವುದೇ ಇಲ್ಲ. ಮೊದಲನೆಯದು ಎಣಿಕೆ. ಎರಡನೆಯದು ಅನುಪಾತ.

"ಯಾಕೆ ಬೇಕು" ಎಂಬ ನಿಮ್ಮ ಎರಡನೇ ಪ್ರಶ್ನೆ ಇದಕ್ಕಿಂತ ಒಳ್ಳೆಯದು. ಇಲ್ಲಿ ಪಠ್ಯಪುಸ್ತಕಗಳ ಮೇಲೆ ನನಗೊಂದು ತಕರಾರಿದೆ. ಅಣುಸೂತ್ರ ಕೊಟ್ಟು, "6ರಿಂದ ಭಾಗಿಸಿ ಎಂಪಿರಿಕಲ್ ಸೂತ್ರ ಬರೆಯಿರಿ" ಎನ್ನುತ್ತಾರೆ. ಹಾಗೆ ಕಲಿತವರಿಗೆ ಎಂಪಿರಿಕಲ್ ಸೂತ್ರ ಅಂದರೆ ಪೂರ್ತಿ ಸೂತ್ರವನ್ನು ಸುಮ್ನೆ ಕತ್ತರಿಸಿ ಚಿಕ್ಕದು ಮಾಡಿದ್ದು ಅಂತಲೇ ಅನಿಸುತ್ತದೆ. ಲ್ಯಾಬ್‌ನಲ್ಲಿ ದಾರಿ ಉಲ್ಟಾ. ಅಲ್ಲಿ ಮೊದಲು ಕೈಗೆ ಸಿಗುವುದು ಎಂಪಿರಿಕಲ್ ಸೂತ್ರ. ಅಣುಸೂತ್ರ ಸಿಗಬೇಕಾದರೆ ಇನ್ನೊಂದು ಪ್ರಯೋಗ ಮಾಡಬೇಕು, ಅದೂ ಬೇರೆ ಜಾತಿಯ ಪ್ರಯೋಗ.

ಹೀಗೆ ಯೋಚಿಸಿ. ಒಂದು ಗೋಣಿಚೀಲದ ತುಂಬ ಚಿಕ್ಕ ಚಿಕ್ಕ ಪೊಟ್ಟಣಗಳಿವೆ. ಪ್ರತಿ ಪೊಟ್ಟಣದಲ್ಲೂ ಬೋಲ್ಟು, ನಟ್ಟುಗಳಿವೆ. ನೀವು ಎಲ್ಲ ಪೊಟ್ಟಣ ಹರಿದು ಬೋಲ್ಟುಗಳನ್ನು ಒಂದು ಕಡೆ, ನಟ್ಟುಗಳನ್ನು ಒಂದು ಕಡೆ ರಾಶಿ ಹಾಕಿ ತೂಗುತ್ತೀರಿ. ಒಂದು ಬೋಲ್ಟಿನ ತೂಕ, ಒಂದು ನಟ್ಟಿನ ತೂಕ ಗೊತ್ತಿದ್ದರೆ, ಒಂದು ಬೋಲ್ಟಿಗೆ ಎರಡು ನಟ್ಟು ಇದ್ದವು ಎಂದು ಹೇಳಬಹುದು. ಆದರೆ ಪೊಟ್ಟಣದಲ್ಲಿ ಒಂದು ಬೋಲ್ಟು ಎರಡು ನಟ್ಟು ಇತ್ತೋ, ಆರು ಬೋಲ್ಟು ಹನ್ನೆರಡು ನಟ್ಟು ಇತ್ತೋ? ಆ ಮಾಹಿತಿ ಪೊಟ್ಟಣ ಹರಿದಾಗಲೇ ಹೋಯಿತು. ಅದು ಬೇಕಿದ್ದರೆ ಹರಿಯದ ಪೊಟ್ಟಣ ಒಂದನ್ನು ತೂಗಬೇಕಿತ್ತು.

ರಸಾಯನಶಾಸ್ತ್ರದಲ್ಲಿ ಪೊಟ್ಟಣ ಹರಿಯುವ ಕೆಲಸವನ್ನು ಬೆಂಕಿ ಮಾಡುತ್ತದೆ. ಗೊತ್ತಿಲ್ಲದ ವಸ್ತುವನ್ನು ಸಾಕಷ್ಟು ಆಕ್ಸಿಜನ್ ಕೊಟ್ಟು ಸುಟ್ಟರೆ ಅದರ ಕಾರ್ಬನ್ ಎಲ್ಲ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ, ಹೈಡ್ರೋಜನ್ ಎಲ್ಲ ನೀರಾಗುತ್ತದೆ. 1831ರಲ್ಲಿ ಜರ್ಮನಿಯ ಯುಸ್ಟಸ್ ಲೀಬಿಗ್ ಇದನ್ನು ಹಿಡಿದು ತೂಗಲು ಒಂದು ಸರಳ ಸಾಧನ ಮಾಡಿದ. ಸುಟ್ಟ ಅನಿಲ ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ನಳಿಗೆಯಲ್ಲಿ ಹಾಯುತ್ತದೆ, ನೀರಾವಿ ಅಲ್ಲೇ ಉಳಿಯುತ್ತದೆ. ಮುಂದೆ ಐದು ಗಾಜಿನ ಬುರುಡೆಗಳಿರುವ ತ್ರಿಕೋನಾಕಾರದ ನಳಿಗೆ, ಅದರೊಳಗೆ ಪೊಟ್ಯಾಷ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣ. ಕಾರ್ಬನ್ ಡೈಆಕ್ಸೈಡ್ ಅದರಲ್ಲಿ ಗುಳುಗುಳು ಎಂದು ಹಾಯುತ್ತ ಕರಗಿಹೋಗುತ್ತದೆ. ಸುಡುವ ಮೊದಲು ಎರಡನ್ನೂ ತೂಗಿರುತ್ತಾರೆ, ಸುಟ್ಟ ಮೇಲೆ ಮತ್ತೆ ತೂಗುತ್ತಾರೆ. ಎಷ್ಟು ತೂಕ ಜಾಸ್ತಿ ಆಯಿತೋ ಅದೇ ಉತ್ತರ. ಆಕ್ಸಿಜನ್‌ಗೆ ಮಾತ್ರ ಇಂಥ ಬಲೆ ಇಲ್ಲ. ಒಟ್ಟು ತೂಕದಲ್ಲಿ ಉಳಿದ ಎರಡನ್ನು ಕಳೆದು ಅದನ್ನು ತಿಳಿಯುತ್ತಾರೆ. ಹಾಗಾಗಿ ಬೇರೆ ಎರಡರಲ್ಲಿ ಆದ ತಪ್ಪೆಲ್ಲ ಬಂದು ಸೇರುವುದು ಆಕ್ಸಿಜನ್ ಲೆಕ್ಕಕ್ಕೆ.

ಒಂದು ಲೆಕ್ಕ ಪೂರ್ತಿ ಮಾಡಿ ನೋಡೋಣ. ವಿಟಮಿನ್ ಸಿ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದರಲ್ಲಿ ಒಂದು ಗುಂಡಿ ಇದೆ. 100 ಮಿಲಿಗ್ರಾಂ ಶುದ್ಧ ವಿಟಮಿನ್ ಸಿ ಸುಟ್ಟರೆ 149.9 ಮಿಲಿಗ್ರಾಂ ಕಾರ್ಬನ್ ಡೈಆಕ್ಸೈಡ್, 40.9 ಮಿಲಿಗ್ರಾಂ ನೀರು ಬರುತ್ತವೆ. 44.01 ಭಾಗ ಕಾರ್ಬನ್ ಡೈಆಕ್ಸೈಡ್‌ನಲ್ಲಿ 12.01 ಭಾಗ ಕಾರ್ಬನ್. ಆದ್ದರಿಂದ ಕಾರ್ಬನ್ 40.9 ಮಿಲಿಗ್ರಾಂ. 18.02 ಭಾಗ ನೀರಿನಲ್ಲಿ 2.016 ಭಾಗ ಹೈಡ್ರೋಜನ್. ಆದ್ದರಿಂದ ಹೈಡ್ರೋಜನ್ 4.58 ಮಿಲಿಗ್ರಾಂ. ಉಳಿದದ್ದು ಆಕ್ಸಿಜನ್, 54.5 ಮಿಲಿಗ್ರಾಂ.

ಇವು ಇನ್ನೂ ತೂಕಗಳು. ನಮಗೆ ಬೇಕಾದದ್ದು ಪರಮಾಣುಗಳ ಸಂಖ್ಯೆ. ಹಾಗಾಗಿ ಪ್ರತಿಯೊಂದನ್ನೂ ಅದರದರ ಪರಮಾಣು ತೂಕದಿಂದ ಭಾಗಿಸಬೇಕು. ಕಾರ್ಬನ್‌ಗೆ 40.9 ಭಾಗಿಸು 12.01, ಅಂದರೆ 3.41. ಹೈಡ್ರೋಜನ್‌ಗೆ 4.58 ಭಾಗಿಸು 1.008, ಅಂದರೆ 4.54. ಆಕ್ಸಿಜನ್‌ಗೆ 54.5 ಭಾಗಿಸು 16.00, ಅಂದರೆ 3.41. ಎಲ್ಲಕ್ಕಿಂತ ಚಿಕ್ಕದಾದ 3.41ರಿಂದ ಮೂರನ್ನೂ ಭಾಗಿಸಿದರೆ 1, 1.33, 1.

ಗುಂಡಿ ಇರುವುದು ಇಲ್ಲೇ. 1.33 ನೋಡಿದ ಕೂಡಲೇ ಕೈ ತಾನಾಗಿಯೇ 1 ಎಂದು ಬರೆದುಬಿಡುತ್ತದೆ. ಬರೆಯಬೇಡಿ. 1.33 ಅಂದರೆ ಮೂರನೇ ನಾಲ್ಕು. ಎಲ್ಲವನ್ನೂ 3ರಿಂದ ಗುಣಿಸಿ: 3, 4, 3. ಎಂಪಿರಿಕಲ್ ಸೂತ್ರ ಸಿ₃ಎಚ್₄ಓ₃. ದಶಾಂಶ .5ರ ಹತ್ತಿರ ಬಂದರೆ 2ರಿಂದ, .33 ಅಥವಾ .67 ಬಂದರೆ 3ರಿಂದ, .25 ಅಥವಾ .75 ಬಂದರೆ 4ರಿಂದ ಗುಣಿಸುವುದು ರೂಢಿ. 1.02 ಅಥವಾ 2.97 ತರಹ ಬಂದರೆ ಮಾತ್ರ ಹತ್ತಿರದ ಪೂರ್ಣಾಂಕಕ್ಕೆ ತಳ್ಳಿ.

ನಾನೇ ಓದುವಾಗ ಈ ಗುಂಡಿಗೆ ಬಿದ್ದಿದ್ದೇನೆ. ಪ್ರಶ್ನೆ ಹೀಗಿತ್ತು: ಕಾರ್ಬನ್ ಶೇ 93.7, ಹೈಡ್ರೋಜನ್ ಶೇ 6.3, ಅಣುತೂಕ 128, ಅಣುಸೂತ್ರ ಏನು? ಅನುಪಾತ 1.25ಕ್ಕೆ 1 ಬಂತು. ನಾನು ಧೈರ್ಯವಾಗಿ 1ಕ್ಕೆ 1 ಮಾಡಿ ಸಿಎಚ್ ಎಂದು ಬರೆದೆ. ಸಿಎಚ್‌ನ ತೂಕ 13. 128 ಭಾಗಿಸು 13 ಅಂದರೆ 9.85. "ಸುಮಾರು 10" ಎಂದು ಸಿ₁₀ಎಚ್₁₀ ಬರೆದು ಖುಷಿಯಾಗಿ ಪುಟ ತಿರುಗಿಸಿದೆ. ಉತ್ತರ ಪತ್ರಿಕೆ ವಾಪಸ್ ಬಂದಾಗ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಸಂಖ್ಯೆ ಇತ್ತು: 130. ಸಿ₁₀ಎಚ್₁₀ ತೂಕ 130, ಪ್ರಶ್ನೆಯಲ್ಲಿದ್ದದ್ದು 128. ಸರಿಯಾದ ದಾರಿ 4ರಿಂದ ಗುಣಿಸುವುದು: ಸಿ₅ಎಚ್₄, ತೂಕ 64, ಎರಡು ಪಟ್ಟು ಮಾಡಿದರೆ ಸರಿಯಾಗಿ 128. ಸಿ₁₀ಎಚ್₈, ಅಂದರೆ ನ್ಯಾಫ್ತಲೀನ್, ನುಸಿ ಗುಳಿಗೆ. ಮೊದಲ ತಪ್ಪನ್ನು ಎರಡನೇ ತಪ್ಪು ಮುಚ್ಚಿಹಾಕಿತ್ತು. ಅವತ್ತಿನಿಂದ ಸೂತ್ರ ಸಿಕ್ಕ ಮೇಲೆ ಅದರ ತೂಕವನ್ನೂ ಶೇಕಡಾವಾರನ್ನೂ ಮತ್ತೆ ಲೆಕ್ಕ ಹಾಕಿ ನೋಡುವುದು ಅಭ್ಯಾಸವಾಗಿದೆ.

ವಿಟಮಿನ್ ಸಿಗೆ ವಾಪಸ್ ಬರೋಣ. ಸಿ₃ಎಚ್₄ಓ₃ ಸಿಕ್ಕಿದೆ, ತೂಕ 88. ಅಣು ಇಷ್ಟೇನಾ, ಇದರ ಎರಡು ಪಟ್ಟಾ, ಮೂರು ಪಟ್ಟಾ? ಸುಟ್ಟ ಪ್ರಯೋಗದಲ್ಲಿ ಎಷ್ಟು ಹುಡುಕಿದರೂ ಉತ್ತರ ಇಲ್ಲ. ಈಗ ಅಣುವನ್ನು ಒಡೆಯದೆ ತೂಗುವ ಪ್ರಯೋಗ ಬೇಕು.

ಹಳೆಯ, ಚಂದದ ವಿಧಾನ ಒಂದಿದೆ. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಸೊನ್ನೆ ಡಿಗ್ರಿಗಿಂತ ಸ್ವಲ್ಪ ಕೆಳಗೆ ಹೆಪ್ಪುಗಟ್ಟುತ್ತದೆ. ಎಷ್ಟು ಕೆಳಗೆ ಎಂಬುದು ಕರಗಿದ್ದು ಯಾವ ವಸ್ತು ಎಂಬುದರ ಮೇಲೆ ನಿಂತಿಲ್ಲ, ಎಷ್ಟು ಕಣ ಕರಗಿವೆ ಎಂಬುದರ ಮೇಲೆ ನಿಂತಿದೆ. ಅಣುತೂಕ ಎಷ್ಟೋ ಅಷ್ಟು ಗ್ರಾಂ ವಸ್ತುವಿನಲ್ಲಿರುವ ಕಣಗಳಿಗೆ ಒಂದು ಮೋಲ್ ಎನ್ನುತ್ತಾರೆ. ಒಂದು ಕಿಲೋ ನೀರಿಗೆ ಒಂದು ಮೋಲ್ ಕಣಗಳಿದ್ದರೆ 1.86 ಡಿಗ್ರಿ ಇಳಿಕೆ. ಅಂದರೆ ಥರ್ಮಾಮೀಟರ್ ಇಲ್ಲಿ ಕಣ ಎಣಿಸುವ ಯಂತ್ರ. 100 ಗ್ರಾಂ ನೀರಿನಲ್ಲಿ 1.76 ಗ್ರಾಂ ವಿಟಮಿನ್ ಸಿ ಕರಗಿಸಿ. ಅಣುವಿನ ತೂಕ 88 ಆಗಿದ್ದರೆ ಇಳಿಕೆ 0.37 ಡಿಗ್ರಿ ಬರಬೇಕು. 176 ಆಗಿದ್ದರೆ ಕಣಗಳು ಅರ್ಧ, ಇಳಿಕೆ ಸುಮಾರು 0.19 ಡಿಗ್ರಿ. ಬರುವುದು 0.19ರ ಆಸುಪಾಸು. ಹಾಗಾದರೆ ಎರಡು ಪಟ್ಟು: ಸಿ₆ಎಚ್₈ಓ₆.

ಇಲ್ಲೊಂದು ಅನುಕೂಲ ಗಮನಿಸಿ. ನಿಮ್ಮ ಥರ್ಮಾಮೀಟರ್ ಶೇ 10ರಷ್ಟು ತಪ್ಪಿದ್ದರೂ ಉತ್ತರ ಕೆಡುವುದಿಲ್ಲ. ಯಾಕೆಂದರೆ ಇರುವ ಆಯ್ಕೆಗಳು 88, 176, 264 ಇಷ್ಟೇ. 190 ಬಂದರೂ 176 ಎಂದೇ ತೀರ್ಮಾನ. ಒರಟು ಅಳತೆಯಿಂದ ನಿಖರ ಉತ್ತರ ಸಿಗುವುದು ಎಂಪಿರಿಕಲ್ ಸೂತ್ರ ಮೊದಲೇ ಕೈಯಲ್ಲಿರುವುದರಿಂದ. ನಿಮ್ಮ ಭಾಷೆಯ "ಅರ್ಧಂಬರ್ಧ ಸೂತ್ರ" ಇಲ್ಲಿ ಎಷ್ಟು ಕೆಲಸ ಮಾಡಿತು ನೋಡಿ.

ಕಣ ಎಣಿಸುವ ವಿಧಾನಕ್ಕೂ ಅದರದೇ ಆಟಗಳಿವೆ. ಅಸಿಟಿಕ್ ಆಮ್ಲದ ಅಣು ಸಿ₂ಎಚ್₄ಓ₂, ತೂಕ 60. ಅದನ್ನು ಬೆಂಜೀನ್‌ನಲ್ಲಿ ಕರಗಿಸಿ ಇದೇ ಪ್ರಯೋಗ ಮಾಡಿದರೆ 120ರ ಹತ್ತಿರ ಬರುತ್ತದೆ. ಎರಡೆರಡು ಅಣುಗಳು ಹೈಡ್ರೋಜನ್ ಬಂಧದಿಂದ ಕೈ ಹಿಡಿದುಕೊಂಡು ಒಂದೇ ಕಣದ ಹಾಗೆ ಓಡಾಡುತ್ತಿರುತ್ತವೆ.

ಈ ಎರಡು ಸೂತ್ರಗಳ ಜಗಳ ಮೊದಲು ಎದುರಾದದ್ದು 1820ರ ದಶಕದಲ್ಲಿ. ಆಗ ಒಂದು ನಂಬಿಕೆ ಇತ್ತು: ಎರಡು ವಸ್ತುಗಳಲ್ಲಿ ಧಾತುಗಳು ಒಂದೇ ಪ್ರಮಾಣದಲ್ಲಿದ್ದರೆ ಅವು ಒಂದೇ ವಸ್ತು. 1825ರಲ್ಲಿ ಮೈಕೆಲ್ ಫ್ಯಾರಡೆ, ದೀಪಕ್ಕೆ ಬಳಸುತ್ತಿದ್ದ ಎಣ್ಣೆ ಅನಿಲವನ್ನು ಒತ್ತಿ ತುಂಬಿದಾಗ ಕೆಳಗೆ ಉಳಿಯುತ್ತಿದ್ದ ದ್ರವವನ್ನು ಪರೀಕ್ಷಿಸುತ್ತಿದ್ದ. ಬೆಂಜೀನ್ ಸಿಕ್ಕಿದ್ದು ಅದರಲ್ಲೇ. ಅದೇ ದ್ರವದಿಂದ ಇನ್ನೊಂದು ಅನಿಲವೂ ಬಂತು. ಸುಟ್ಟು ನೋಡಿದರೆ ಕಾರ್ಬನ್, ಹೈಡ್ರೋಜನ್ ಪ್ರಮಾಣ ಎಥಿಲೀನ್‌ನದ್ದೇ. ತೂಗಿ ನೋಡಿದರೆ ಎಥಿಲೀನ್‌ನ ಎರಡರಷ್ಟು ಭಾರ. ಈಗಿನ ಲೆಕ್ಕದಲ್ಲಿ ಎಥಿಲೀನ್ ಸಿ₂ಎಚ್₄, ಆ ಹೊಸ ಅನಿಲ ಬ್ಯೂಟಿಲೀನ್, ಸಿ₄ಎಚ್₈. ಎರಡಕ್ಕೂ ಎಂಪಿರಿಕಲ್ ಸೂತ್ರ ಸಿಎಚ್₂.

ಇಂಥ ಜೋಡಿಗಳಿಗೆ ಒಂದು ಹೆಸರು ಬೇಕಿತ್ತು. ಸ್ವೀಡನ್ನಿನ ಬರ್ಜೀಲಿಯಸ್ 1830ರ ದಶಕದ ಆರಂಭದಲ್ಲಿ ಒಂದು ಪದ ಕಟ್ಟಿದ. ಅದೇ "ಪಾಲಿಮರ್". ಅನುಪಾತ ಒಂದೇ, ಅಣುವಿನ ಗಾತ್ರ ಬೇರೆ ಬೇರೆ ಎಂಬುದೇ ಆ ಪದದ ಮೊದಲ ಅರ್ಥ. ಪ್ಲಾಸ್ಟಿಕ್, ರಬ್ಬರ್ ಅಂತ ಈಗ ನಮಗೆ ನೆನಪಾಗುವ ಅರ್ಥ ಬಂದದ್ದು ಬಹಳ ಆಮೇಲೆ. ಆದರೂ ಪಾಲಿಎಥಿಲೀನ್‌ನ ಎಂಪಿರಿಕಲ್ ಸೂತ್ರ ಇವತ್ತಿಗೂ ಸಿಎಚ್₂ ಅನ್ನಬಹುದು, ಅಲ್ವಾ?

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ತೂಕದಿಂದ ಅನುಪಾತಕ್ಕೆ ಬರಲು ಪರಮಾಣು ತೂಕಗಳು ಸರಿ ಇರಬೇಕು. ನೀರಿನಲ್ಲಿ ಹೈಡ್ರೋಜನ್‌ನ ಎಂಟು ಪಟ್ಟು ತೂಕದ ಆಕ್ಸಿಜನ್ ಇದೆ. ಆಕ್ಸಿಜನ್ ಪರಮಾಣುವಿನ ತೂಕ 16 ಎಂದುಕೊಂಡರೆ ಎಚ್₂ಓ ಬರುತ್ತದೆ. 8 ಎಂದುಕೊಂಡರೆ ಎಚ್‌ಓ ಬರುತ್ತದೆ. ಡಾಲ್ಟನ್ ನೀರನ್ನು ಒಂದಕ್ಕೆ ಒಂದು ಎಂದೇ ಬರೆದಿದ್ದ. 1860ರಲ್ಲಿ ಕಾರ್ಲ್ಸ್‌ರೂಹೆ ಊರಿನಲ್ಲಿ ಸೇರಿದ ಸಮ್ಮೇಳನದಲ್ಲಿ ಇಟಲಿಯ ಕ್ಯಾನಿಜಾರೊ ಅವೊಗಾಡ್ರೊನ ಹಳೆಯ ವಿಚಾರವನ್ನು (ಒಂದೇ ಉಷ್ಣತೆ, ಒತ್ತಡದಲ್ಲಿ ಸಮಗಾತ್ರದ ಅನಿಲಗಳಲ್ಲಿ ಅಷ್ಟೇ ಅಣುಗಳಿರುತ್ತವೆ ಎಂಬುದನ್ನು) ಮತ್ತೆ ಎತ್ತಿ ಹೇಳಿದ ಮೇಲೆ ಈ ಗೋಜಲು ಬಿಡಿಸಿಕೊಳ್ಳಲು ಶುರುವಾಯಿತು. ತಮಾಷೆ ಎಂದರೆ ಎಚ್‌ಓ ಎಂಬ ಎಂಪಿರಿಕಲ್ ಸೂತ್ರ ನಿಜಕ್ಕೂ ಇದೆ. ಅದು ಹೈಡ್ರೋಜನ್ ಪೆರಾಕ್ಸೈಡ್‌ನದ್ದು, ಎಚ್₂ಓ₂.

ಈಗ ಉಪ್ಪು. ಗ್ಲೂಕೋಸ್ ಹರಳಿನಲ್ಲಿ ಬಿಡಿ ಬಿಡಿ ಅಣುಗಳಿವೆ, ಪೊಟ್ಟಣಗಳಿವೆ. ಉಪ್ಪಿನ ಹರಳಿನಲ್ಲಿ ಪೊಟ್ಟಣವೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ (ವಿದ್ಯುದಾವೇಶ ಇರುವ ಕಣದ) ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್‌ನ ಸುತ್ತ ಆರು ಸೋಡಿಯಂ, ಹೀಗೆ ಹರಳಿನ ಈ ತುದಿಯಿಂದ ಆ ತುದಿಯವರೆಗೆ. ಯಾವ ಸೋಡಿಯಂ ಯಾವ ಕ್ಲೋರೈಡ್‌ನ ಜೋಡಿ ಎಂದು ಕೇಳಿದರೆ ಉತ್ತರ ಇಲ್ಲ. 0.06 ಮಿಲಿಗ್ರಾಂ ತೂಗುವ ಒಂದು ಸಣ್ಣ ಹರಳಿನಲ್ಲಿ 6ರ ಮುಂದೆ 17 ಸೊನ್ನೆ ಇಟ್ಟಷ್ಟು ಸೋಡಿಯಂ, ಅಷ್ಟೇ ಕ್ಲೋರೈಡ್ ಇರುತ್ತವೆ. ಅಣುಸೂತ್ರ ಬರೆಯಲೇಬೇಕು ಅಂದರೆ ಆ ಸಂಖ್ಯೆಯನ್ನೇ ಬರೆಯಬೇಕು, ಮತ್ತು ಪ್ರತಿ ಹರಳಿಗೂ ಬೇರೆ ಬೇರೆ. ಅದರಲ್ಲಿ ಅರ್ಥವಿಲ್ಲ. ಆದ್ದರಿಂದ 1ಕ್ಕೆ 1 ಎಂಬ ಅನುಪಾತವನ್ನಷ್ಟೇ ಬರೆಯುತ್ತೇವೆ. ಸ್ಫಟಿಕ ಶಿಲೆಯ ಕಥೆಯೂ ಇದೇ: ಒಂದು ಸಿಲಿಕಾನ್‌ಗೆ ಎರಡು ಆಕ್ಸಿಜನ್ ಎಂಬುದು ಅನುಪಾತ, ಅಣು ಅಲ್ಲ. ಇಂಥ ವಸ್ತುಗಳಿಗೆ ಎಂಪಿರಿಕಲ್ ಸೂತ್ರ ಅರ್ಧ ಉತ್ತರವಲ್ಲ, ಇರುವುದೇ ಅಷ್ಟು.

ಹಾಗಂತ "ಅಯಾನಿಕ್ ಆದರೆ ಯಾವಾಗಲೂ ಎಂಪಿರಿಕಲ್ ಸೂತ್ರ" ಎಂದು ಬಾಯಿಪಾಠ ಮಾಡಬೇಡಿ. ಸೋಡಿಯಂ ಪೆರಾಕ್ಸೈಡ್‌ನಲ್ಲಿ ಎರಡು ಸೋಡಿಯಂ, ಎರಡು ಆಕ್ಸಿಜನ್. ಅದನ್ನು 1ಕ್ಕೆ 1 ಮಾಡಿ ಯಾರೂ ಬರೆಯುವುದಿಲ್ಲ, ಯಾಕೆಂದರೆ ಅಲ್ಲಿ ಎರಡು ಆಕ್ಸಿಜನ್ ಒಂದಕ್ಕೊಂದು ಅಂಟಿಕೊಂಡು ಒಂದೇ ಅಯಾನ್ ಆಗಿವೆ. ಪಾದರಸ, ಕ್ಲೋರಿನ್ ಸೇರಿದ ಕ್ಯಾಲೊಮೆಲ್‌ನಲ್ಲೂ ಎರಡು ಪಾದರಸ ಜೋಡಿಯಾಗಿಯೇ ಇರುತ್ತವೆ. ಇನ್ನು ಹೆಸರಿನಲ್ಲಿ ಎಂಪಿರಿಕಲ್ ಸೂತ್ರ ಹಾಗೆಯೇ ಉಳಿದುಬಿಟ್ಟ ಉದಾಹರಣೆ ಬೇಕಿದ್ದರೆ ಫಾಸ್ಫರಸ್ ಪೆಂಟಾಕ್ಸೈಡ್ ಇದೆ. ಪೆಂಟಾ ಎಂದರೆ ಐದು, ಪಿ₂ಓ₅ ಲೆಕ್ಕ. ಆಮೇಲೆ ನೋಡಿದರೆ ಅಣು ಪಿ₄ಓ₁₀. ಹೆಸರು ಮಾತ್ರ ಬದಲಾಗಲಿಲ್ಲ.

ಎರಡು ಸೂತ್ರಗಳು ಬೇರೆಯಾಗಿರಲೇಬೇಕು ಎಂದೂ ಇಲ್ಲ. ಸಕ್ಕರೆ ಸಿ₁₂ಎಚ್₂₂ಓ₁₁. 12, 22, 11 ಮೂರನ್ನೂ ಭಾಗಿಸುವ ಸಂಖ್ಯೆ 1 ಮಾತ್ರ. ಎಂಪಿರಿಕಲ್ ಸೂತ್ರವೂ ಅದೇ.

ಇಷ್ಟು ಹೊತ್ತು ನಾನು ಮೊದಲು ಅನುಪಾತ, ಆಮೇಲೆ ಎಣಿಕೆ ಎಂದು ನೇರ ದಾರಿ ಹೇಳಿದೆ. ದೊಡ್ಡ ಅಣುಗಳಲ್ಲಿ ಈ ದಾರಿ ಕೈಕೊಡುತ್ತದೆ. ಕೊಲೆಸ್ಟ್ರಾಲ್ ಸಿ₂₇ಎಚ್₄₆ಓ. ಅದರಲ್ಲಿ ಕಾರ್ಬನ್ ಶೇ 83.87, ಹೈಡ್ರೋಜನ್ ಶೇ 11.99. ಒಂದು ಕಾರ್ಬನ್, ಎರಡು ಹೈಡ್ರೋಜನ್ ಕಡಿಮೆ ಮಾಡಿ ಸಿ₂₆ಎಚ್₄₄ಓ ಎಂದು ಬರೆದರೆ ಕಾರ್ಬನ್ ಶೇ 83.80, ಹೈಡ್ರೋಜನ್ ಶೇ 11.90. ವ್ಯತ್ಯಾಸ ಶೇ 0.1 ಕೂಡ ಇಲ್ಲ. ಸಂಶೋಧನಾ ಪತ್ರಿಕೆಗಳು ಇಂಥ ವಿಶ್ಲೇಷಣೆಯಲ್ಲಿ ಸಾಮಾನ್ಯವಾಗಿ ಶೇ 0.4ರಷ್ಟು ಹೆಚ್ಚುಕಡಿಮೆ ಒಪ್ಪುತ್ತವೆ. ಅಂದರೆ ಸುಟ್ಟು ತೂಗಿದರೆ ಈ ಎರಡನ್ನು ಬೇರೆ ಮಾಡಲು ಆಗುವುದಿಲ್ಲ. ಅಣುತೂಕ ನೋಡಿದರೆ ಒಂದು 386.7, ಇನ್ನೊಂದು 372.6. ಇಲ್ಲಿ ಅಣುತೂಕವೇ ಬಂದು ಅನುಪಾತವನ್ನು ತಿದ್ದುತ್ತದೆ.

ಈಗಿನ ಲ್ಯಾಬ್‌ಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಇದೆ. ಅದು ಅಣುವನ್ನು ಎಷ್ಟು ನಿಖರವಾಗಿ ತೂಗುತ್ತದೆ ಎಂದರೆ ಹಲವು ಸಲ ಅಣುಸೂತ್ರವೇ ನೇರವಾಗಿ ಸಿಗುತ್ತದೆ. ಕಾರ್ಬನ್ ಮಾನಾಕ್ಸೈಡ್, ನೈಟ್ರೋಜನ್, ಎಥಿಲೀನ್ ಮೂರಕ್ಕೂ ನಾವು ತೂಕ 28 ಎಂದು ಬರೆಯುತ್ತೇವೆ. ಯಂತ್ರಕ್ಕೆ ಅವು 27.995, 28.006, 28.031. ಆದರೂ ಹೊಸ ವಸ್ತು ಮಾಡಿದವರು ಈಗಲೂ ಒಂದಿಷ್ಟನ್ನು ಸುಟ್ಟು ಶೇಕಡಾವಾರು ತೆಗೆಯುತ್ತಾರೆ. ಸ್ಪೆಕ್ಟ್ರೋಮೀಟರ್ ಸ್ವಲ್ಪ ವಸ್ತುವಿನಲ್ಲೇ ಸರಿಯಾದ ಅಣುವನ್ನು ಹುಡುಕಿ ತೋರಿಸಿಬಿಡುತ್ತದೆ, ಪಕ್ಕದಲ್ಲಿ ಉಳಿದಿರುವ ಉಪ್ಪು, ತೇವದ ಬಗ್ಗೆ ಸುಮ್ಮನಿರುತ್ತದೆ. ಬೆಂಕಿ ಹಾಗಲ್ಲ. ಮಾದರಿ ಸರಿಯಾಗಿ ಒಣಗದೆ ಸ್ವಲ್ಪ ನೀರು ಉಳಿದಿದ್ದರೂ ಶೇಕಡಾವಾರು ಹೊಂದುವುದಿಲ್ಲ, ಕೂಡಲೇ ಗೊತ್ತಾಗುತ್ತದೆ.

ಅಣುಸೂತ್ರ ಸಿಕ್ಕಿತು ಎಂದರೆ ವಸ್ತು ಯಾವುದು ಎಂದು ಗೊತ್ತಾಯಿತು ಅಂತಲೂ ಅಲ್ಲ. ಸಿ₂ಎಚ್₆ಓ ಎಂದರೆ 78 ಡಿಗ್ರಿಯಲ್ಲಿ ಕುದಿಯುವ ಎಥನಾಲ್ ಆಗಬಹುದು, ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿಯುವ ಡೈಮೀಥೈಲ್ ಈಥರ್ ಕೂಡ ಆಗಬಹುದು. ಅದು ಪರಮಾಣುಗಳು ಯಾವ ಕ್ರಮದಲ್ಲಿ ಜೋಡಿಸಿಕೊಂಡಿವೆ ಎಂಬ ಪ್ರಶ್ನೆ, ಅದಕ್ಕೆ ಮೂರನೇ ತರಹದ ಸೂತ್ರವಿದೆ, ರಚನಾ ಸೂತ್ರ.

ಪರೀಕ್ಷೆಗೆ ಕೂತಾಗ ಒಂದು ಕೆಲಸ ಮಾಡಿ. ಪ್ರಶ್ನೆ ಓದಿ, ಅಣುತೂಕ ಕೊಟ್ಟಿದ್ದಾರಾ ನೋಡಿ. ನೇರವಾಗಿ ಕೊಡದೆ ಆವಿಯ ಸಾಂದ್ರತೆ ಕೊಟ್ಟಿರಬಹುದು. ಹೈಡ್ರೋಜನ್‌ಗೆ ಹೋಲಿಸಿ ಕೊಟ್ಟಿದ್ದರೆ ಅದರ ಎರಡು ಪಟ್ಟು ಅಣುತೂಕ. ಬರೀ ಶೇಕಡಾವಾರು ಕೊಟ್ಟು ಅಣುಸೂತ್ರ ಕೇಳಿದ್ದರೆ ಎಂಪಿರಿಕಲ್ ಸೂತ್ರದವರೆಗೆ ಲೆಕ್ಕ ಮಾಡಿ, "ಮುಂದಕ್ಕೆ ಅಣುತೂಕ ಬೇಕು" ಎಂದು ಬರೆದು ನಿಲ್ಲಿಸಿ. ತಪ್ಪು ನಿಮ್ಮದಲ್ಲ, ಪ್ರಶ್ನೆಯೇ ಅಷ್ಟಕ್ಕೆ ನಿಂತಿದೆ.